ಗೇರುಹಣ್ಣನ್ನು ಚೌಕಕ್ಕೆ ಇಳಿಸಿದ್ದು

ನೀಡಲ್‌ಪಾಯಿಂಟ್ ಕಿಟ್‌ಗಳಲ್ಲಿ ಬರುವ ಚಿತ್ರಗಳನ್ನು ನೋಡಿದ್ದೀರಾ? ಗುಲಾಬಿ ಹೂ, ಬುಟ್ಟಿಯೊಳಗಿನ ಬೆಕ್ಕಿನ ಮರಿ, ಹಿಮ ಬಿದ್ದ ಹಳ್ಳಿಮನೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಇರುವ ನಮ್ಮ ಮನೆಯ ಜಗಲಿಯಲ್ಲಿ ಹಿಮ ಇಟ್ಟುಕೊಂಡು ಏನು ಮಾಡುವುದು? ಬೆಲೆಯೂ ಕಮ್ಮಿ ಇಲ್ಲ. ಚಿತ್ರವನ್ನು ನಾನೇ ಬರೆದುಕೊಂಡರಾಯಿತು ಎಂದು ಹೊರಟೆ. ಹೊಲಿಗೆ ನನಗೆ ಹೊಸದಲ್ಲ. ಚಿತ್ರ ಬರೆಯುವುದು ಮಾತ್ರ ಶಾಲೆ ಬಿಟ್ಟ ಮೇಲೆ ಮುಟ್ಟದ ಕೆಲಸ.

ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ನೀಡಲ್‌ಪಾಯಿಂಟ್‌ಗೆ ಬೇಕಾದದ್ದು ಕ್ಯಾನ್ವಾಸ್. ಪೈಂಟಿಂಗ್ ಮಾಡುವ ಕ್ಯಾನ್ವಾಸ್ ಅಲ್ಲ, ಗಂಜಿ ಹಾಕಿ ಗಟ್ಟಿ ಮಾಡಿದ, ಸಮನಾದ ತೂತುಗಳಿರುವ ಬಟ್ಟೆ. ಅಡ್ಡ ಎಳೆ ಉದ್ದ ಎಳೆಯನ್ನು ದಾಟುವ ಪ್ರತಿ ಜಾಗದಲ್ಲೂ ಒಂದು ಓರೆ ಹೊಲಿಗೆ ಬೀಳುತ್ತದೆ. ಎಡಗಡೆ ಕೆಳಗಿಂದ ಬಲಗಡೆ ಮೇಲಕ್ಕೆ. ಇದಕ್ಕೆ ಟೆಂಟ್ ಸ್ಟಿಚ್ ಅನ್ನುತ್ತಾರೆ. ಧಾರವಾಡದ ಕಸೂತಿಯಲ್ಲಿ ಸೀರೆಯ ಬಟ್ಟೆಯೇ ಹಿನ್ನೆಲೆ, ನಾವು ಗೋಪುರ, ತೇರು, ಆನೆಯನ್ನು ಹೊಲಿದರೆ ಸಾಕು. ಇಲ್ಲಿ ಹಾಗಲ್ಲ. ಕ್ಯಾನ್ವಾಸಿನ ಒಂದು ಎಳೆಯೂ ಕಾಣಬಾರದು. ಹಿನ್ನೆಲೆಯನ್ನೂ ನಾವೇ ಹೊಲಿಯಬೇಕು. ಅಂದರೆ ಚಿತ್ರದ ಜೊತೆಗೆ ಖಾಲಿ ಜಾಗವನ್ನೂ ಯೋಚಿಸಿ ಬರೆಯಬೇಕು ಅಂತಾಯಿತು.

ಕಾಸರಗೋಡು ಪೇಟೆಯ ಫ್ಯಾನ್ಸಿ ಅಂಗಡಿಗಳಲ್ಲಿ ಕ್ರಾಸ್ ಸ್ಟಿಚ್‌ನ ಮ್ಯಾಟಿ ಬಟ್ಟೆ ಸಿಗುತ್ತದೆ. ಮಕ್ಕಳ ಕ್ರಾಫ್ಟ್‌ಗೆ ಬಳಸುವ ಪ್ಲಾಸ್ಟಿಕ್ ನೆಟ್ ಸಿಗುತ್ತದೆ. ನನಗೆ ಬೇಕಾದದ್ದು ಸಿಗಲಿಲ್ಲ. “ಕ್ಯಾನ್ವಾಸಾ ಚೇಚೀ, ಶೂ ಮಾಡುವುದಾ?” ಎಂದು ಅಂಗಡಿಯ ಹುಡುಗ ಕೇಳಿದ. ಕೊನೆಗೆ ಆನ್‌ಲೈನಲ್ಲೇ ತರಿಸಿಕೊಂಡೆ. ಉಲ್ಲನ್ ಮಾತ್ರ ಪೇಟೆಯಲ್ಲಿ ಬೇಕಾದಷ್ಟು ಉಂಟು. ಸ್ವೆಟರ್ ಹಾಕದ ಊರಲ್ಲಿ ಇಷ್ಟೊಂದು ಉಲ್ಲನ್ ಯಾರು ಕೊಳ್ಳುತ್ತಾರೋ ಎಂದು ಮೊದಲು ಅನಿಸುತ್ತಿತ್ತು. ಬಾಗಿಲ ತೋರಣಕ್ಕೆ, ಶಾಲೆಯ ಕ್ರಾಫ್ಟ್ ಕೆಲಸಕ್ಕೆ ಹೋಗುತ್ತದಂತೆ.

ಕ್ಯಾನ್ವಾಸ್ ತರಿಸುವಾಗ ಮೊದಲು ನೋಡಬೇಕಾದದ್ದು ಇಂಚಿಗೆ ಎಷ್ಟು ತೂತು ಎಂದು. 10, 14, 18 ಹೀಗೆ ಬರುತ್ತದೆ. ನಾನು ಮಾಡಬೇಕೆಂದಿದ್ದದ್ದು ಕುರ್ಚಿಯ ಮೇಲೆ ಇಡುವ 12 ಇಂಚಿನ ಚೌಕದ ಕುಶನ್. 18ರ ಕ್ಯಾನ್ವಾಸಿನಲ್ಲಿ ಅದಕ್ಕೆ 216 ಗುಣಿಸು 216, ಅಂದರೆ 46,656 ಹೊಲಿಗೆ. 14ರಲ್ಲಿ 28,224. 10ರಲ್ಲಿ 14,400. ಈ ಲೆಕ್ಕ ಹಾಕಿದ ಮೇಲೆ ಯಾವುದು ಬೇಕೆಂದು ಜಾಸ್ತಿ ಯೋಚಿಸಬೇಕಾಗಲಿಲ್ಲ. ಸಾಧಾರಣ ನಾಲ್ಕು ಪ್ಲೈ ಉಲ್ಲನ್ 10ರ ತೂತಿಗೆ ಸರಿಯಾಗಿ ತುಂಬುತ್ತದೆ. ಮೊಂಡು ತುದಿಯ ಟೇಪೆಸ್ಟ್ರಿ ಸೂಜಿ, 18ನೇ ನಂಬರಿನದ್ದು, ಇದ್ದರೆ ಮುಗಿಯಿತು. ಆದರೆ 10ರ ಕ್ಯಾನ್ವಾಸ್ ಎಂದರೆ ಚಿತ್ರಕ್ಕೆ ಸಿಗುವುದು 120 ಚೌಕದ ಅಗಲ ಮಾತ್ರ. ಅಷ್ಟರಲ್ಲೇ ಏನನ್ನಾದರೂ ಹೇಳಬೇಕು.

ಏನು ಹೇಳುವುದು? ಮೊದಲು ಮನಸ್ಸಿಗೆ ಬಂದದ್ದು ತೆಂಕುತಿಟ್ಟು ಯಕ್ಷಗಾನದ ಕಿರೀಟ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಪಕ್ಕದಲ್ಲೇ ಇರುವಾಗ ಬೇರೆಲ್ಲಿಗೆ ಹೋಗುವುದು, ಅಲ್ವಾ? ಬರೆಯಲು ಕೂತರೆ ಕಿರೀಟ ತುಂಬಾ ಸಣ್ಣ ಸಣ್ಣ ಕುಸುರಿ. 120 ಚೌಕದಲ್ಲಿ ಅದು ಕಿರೀಟವೋ ಅನಾನಸೋ ಎಂದು ಕೇಳುವ ಹಾಗೆ ಕಾಣುತ್ತಿತ್ತು. ಆಮೇಲೆ ನಾಗನಿಗೆ ಮಾಡುವ ಆಶ್ಲೇಷಾ ಬಲಿ ಪೂಜೆಯ ಮಂಡಲ. ಇದು ಚೌಕಕ್ಕೆ ಹೇಳಿ ಮಾಡಿಸಿದ್ದು. ಮಂಡಲ ಬರೆಯುವವರು ಪುಡಿ ಹಚ್ಚಿದ ನೂಲನ್ನು ಬಿಗಿಯಾಗಿ ಹಿಡಿದು ನೆಲಕ್ಕೆ ಗೆರೆ ಹೊಡೆದುಕೊಂಡೇ ಶುರು ಮಾಡುವುದು. ಬಣ್ಣವೂ ಐದೇ. ಬಿಳಿಗೆ ಅಕ್ಕಿಹುಡಿ, ಹಳದಿಗೆ ಅರಸಿನ, ಕೆಂಪಿಗೆ ಅರಸಿನಕ್ಕೆ ಸುಣ್ಣ ಬೆರೆಸಿದ್ದು, ಹಸಿರಿಗೆ ಒಣಗಿಸಿದ ಎಲೆಯ ಹುಡಿ, ಕಪ್ಪಿಗೆ ಸುಟ್ಟ ಉಮಿ. ಉತ್ಸಾಹದಲ್ಲಿ ಅರ್ಧ ಬರೆದಿದ್ದೆ. ಅತ್ತೆ ಬಂದು ನೋಡಿದರು.

“ಎಂತದು ಇದು?”

“ಕುಶನಿಗೆ, ಅತ್ತೆ.”

“ಮಂಡಲದ ಮೇಲೆ ಕೂರುವುದಾ ನೀನು?”

ಅಲ್ಲಿಗೆ ಮಂಡಲ ಹೋಯಿತು. ಅವರು ಹೇಳಿದ್ದು ಸರಿಯೇ. ಬಣ್ಣ ಐದೇ ಇರಲಿ ಎನ್ನುವ ಯೋಚನೆ ಮಾತ್ರ ಉಳಿಯಿತು. ಆ ಐದು ಬಣ್ಣಕ್ಕೆ ಹೊಂದುವ ವಸ್ತು ಹಿತ್ತಿಲಲ್ಲೇ ಇತ್ತು. ಗೇರುಹಣ್ಣು. ಮಾರ್ಚ್ ತಿಂಗಳಿಗೆ ಹಳದಿ ಮರ, ಕೆಂಪು ಮರ ಎರಡೂ ಬಿಡುತ್ತವೆ. ಎಲೆ ಹಸಿರು. ಹಿನ್ನೆಲೆ ಬಿಳಿ. ಆಕಾರವೂ ಸುಲಭ. ಮೇಲೆ ಅಗಲವಾದ ಹಣ್ಣು, ಕೆಳಗೆ ಬಾಗಿದ ಬೀಜ. ಎಷ್ಟು ಒರಟಾಗಿ ಬರೆದರೂ ಈ ಕಡೆಯವರಿಗೆ ಅದು ಬೇರೆ ಯಾವುದೂ ಆಗಿ ಕಾಣುವುದಿಲ್ಲ. ಕಡಿಮೆ ಚೌಕದಲ್ಲಿ ಬರೆಯುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ.

ಫೋಟೋ ಹಾಕಿದರೆ ಹೊಲಿಗೆಯ ಮಾದರಿ ಮಾಡಿಕೊಡುವ ಆ್ಯಪ್‌ಗಳು ಬೇಕಾದಷ್ಟಿವೆ. ಗೇರುಹಣ್ಣಿನ ಫೋಟೋ ತೆಗೆದು ಅದರಲ್ಲೂ ಹಾಕಿ ನೋಡಿದೆ. ಒಂದು ಹಣ್ಣಿಗೆ ಮೂವತ್ತು ಚಿಲ್ಲರೆ ಬಣ್ಣ ಕೊಟ್ಟಿತು. ನೆರಳಿಗೊಂದು, ಬಿಸಿಲಿಗೊಂದು, ಇರುವೆ ಕೂತ ಜಾಗಕ್ಕೊಂದು. ಎಲ್ಲವೂ ಒಂದೊಂದೇ ಹೊಲಿಗೆಯಾಗಿ ಚದುರಿಕೊಂಡಿದ್ದವು. ಒಂದು ಹೊಲಿಗೆಗೆ ಸೂಜಿ ಪೋಣಿಸಿ, ಕತ್ತರಿಸಿ, ಮತ್ತೆ ಬೇರೆ ಬಣ್ಣ ಪೋಣಿಸಿ... ಇದು ಮನೆಯಲ್ಲಿ ಕೂತು ಸಮಾಧಾನದಲ್ಲಿ ಹೊಲಿಯುವವರ ಕೆಲಸವಲ್ಲ. ಬಣ್ಣ ಕಡಿಮೆ ಮಾಡು ಎಂದರೆ ಅಂಚೇ ಮಾಯ. ಫೋಟೋದಲ್ಲಿ ಏನು ಮುಖ್ಯ ಎಂದು ಆ್ಯಪ್‌ಗೆ ಗೊತ್ತಿಲ್ಲ. ಬೀಜದ ಬಾಗು ಮುಖ್ಯ, ಹಣ್ಣಿನ ಮೇಲಿನ ಕಲೆ ಮುಖ್ಯ ಅಲ್ಲ ಎಂದು ನಮಗೆ ಗೊತ್ತು. ಹಾಗಾಗಿ ಕೈಯಲ್ಲೇ ಬರೆಯುವುದು ವಾಸಿ.

ಗ್ರಾಫ್ ಶೀಟಿನ ಒಂದು ಮಿಲಿಮೀಟರ್ ಚೌಕ ನನ್ನ ಕಣ್ಣಿಗೆ ಆಗುವುದಿಲ್ಲ. ಮಕ್ಕಳ ಲೆಕ್ಕದ ಚೌಕದ ಪುಸ್ತಕವೇ ಒಳ್ಳೆಯದು. ಹಾಳೆಗಳನ್ನು ಅಂಟಿಸಿಕೊಂಡರೆ ಎಷ್ಟು ಬೇಕಾದರೂ ಅಗಲ ಮಾಡಬಹುದು. ಒಂದು ಚೌಕ ಎಂದರೆ ಒಂದು ಹೊಲಿಗೆ. ಗಮನಿಸಬೇಕಾದ್ದು ಏನೆಂದರೆ, ಚೌಕ ತೂತಿಗೆ ಸಮ ಅಲ್ಲ. ಎರಡು ಎಳೆ ಒಂದನ್ನೊಂದು ದಾಟುವ ಜಾಗಕ್ಕೆ ಸಮ. ತೂತು ಎಣಿಸುತ್ತಾ ಹೋದರೆ ಲೆಕ್ಕ ಒಂದು ಆಚೆ ಈಚೆ ಆಗುತ್ತದೆ, ಎಳೆ ಎಣಿಸಿದರೆ ಆಗುವುದಿಲ್ಲ. ಹತ್ತು ಚೌಕಕ್ಕೊಮ್ಮೆ ಕಾಗದದಲ್ಲಿ ದಪ್ಪ ಗೆರೆ ಎಳೆದೆ. ಕ್ಯಾನ್ವಾಸಿನಲ್ಲೂ ಹತ್ತು ಎಳೆಗೊಮ್ಮೆ ಬಣ್ಣದ ನೂಲು ಓಡಿಸಿದೆ. ಅದರ ಮೇಲೆ ಹೊಲಿಗೆ ಬೀಳುವ ಮೊದಲು ಎಳೆದು ತೆಗೆದರಾಯಿತು. ಹೀಗೆ ಚೌಕದ ಕಾಗದಕ್ಕೆ ಬಣ್ಣ ತುಂಬಿದ ಮಾದರಿಗಳನ್ನು ಅಚ್ಚು ಹಾಕಿ ಮಾರುವುದು 1800ರ ಆರಂಭದ ವರ್ಷಗಳಲ್ಲಿ ಬರ್ಲಿನ್ನಿನಲ್ಲಿ ಶುರುವಾದದ್ದು. ಆಗ ಒಂದೊಂದು ಚೌಕಕ್ಕೂ ಕೈಯಲ್ಲೇ ಬಣ್ಣ ಹಚ್ಚುತ್ತಿದ್ದರಂತೆ. ನಾನು ಗೆರೆ ಮಾತ್ರ ಪುಸ್ತಕದಲ್ಲಿ ಬರೆದು, ಬಣ್ಣ ತುಂಬಲು ಎಕ್ಸೆಲ್ ಹಿಡಿದೆ. ಕಾಲಮ್ಮಿನ ಅಗಲ, ಸಾಲಿನ ಎತ್ತರ ಎರಡನ್ನೂ ಸಮ ಮಾಡಿಕೊಂಡರೆ ಅದಕ್ಕಿಂತ ಸುಲಭದ ಗ್ರಾಫ್ ಇಲ್ಲ. ಬಣ್ಣ ಬದಲಿಸಲು ರಬ್ಬರ್ ಬೇಡ.

ಚೌಕದಲ್ಲಿ ಗುಂಡಗಿನ ಗೆರೆ ಬರೆಯುವುದಕ್ಕೆ ಒಂದು ಕ್ರಮ ಉಂಟು. ಗೆರೆ ಮೆಟ್ಟಿಲು ಮೆಟ್ಟಿಲಾಗಿಯೇ ಇಳಿಯುವುದು. ಮೆಟ್ಟಿಲ ಉದ್ದ 6, 3, 2, 1, 1, 2, 3, 6 ಹೀಗೆ ಸ್ವಲ್ಪ ಸ್ವಲ್ಪವೇ ಬದಲಾದರೆ ದೂರದಿಂದ ಕಣ್ಣು ಅದನ್ನು ಗುಂಡಗೆ ಎಂದೇ ಓದುತ್ತದೆ. ನಡುವೆ 3, 1, 3 ಎಂದು ಬಂದರೆ ಅಲ್ಲೊಂದು ಗಂಟು ಕಾಣುತ್ತದೆ. ಹಣ್ಣಿನ ಭುಜಕ್ಕೆ ಇದು ಬೇಗ ಹತ್ತಿತು. ಬೀಜದ ಒಳಬಾಗಿಗೆ ಹೊತ್ತು ಹಿಡಿಯಿತು. ಅಲ್ಲಿ ಜಾಗವೇ ಕಮ್ಮಿ. ಒಂದು ಚೌಕ ತುಂಬಿದರೆ ಬೀಜ ಉಂಡೆಯಾಗುತ್ತದೆ, ತೆಗೆದರೆ ಕೊಕ್ಕೆಯಾಗುತ್ತದೆ. ಕೊನೆಗೆ ಹಣ್ಣನ್ನೇ ಸ್ವಲ್ಪ ದೊಡ್ಡದು ಮಾಡಿದೆ.

ಕಾಗದದಲ್ಲಿ ಎರಡು ಹಣ್ಣು ಎದುರುಬದುರಾಗಿ ಬರೆದಿದ್ದೆ. ಎಡಗಡೆಯದ್ದು ಬಲಕ್ಕೆ ವಾಲಿದ್ದು, ಬಲಗಡೆಯದ್ದು ಎಡಕ್ಕೆ. ಕನ್ನಡಿಯಲ್ಲಿ ಹಿಡಿದಷ್ಟು ಸಮ. ನೋಡಲು ಚಂದವಿತ್ತು. ಇಡೀ ಕುಶನ್ ಶುರು ಮಾಡುವ ಮೊದಲು ಉಳಿದ ತುಂಡು ಕ್ಯಾನ್ವಾಸಿನಲ್ಲಿ ತೊಟ್ಟು, ಎಲೆಯ ನರ ಇಷ್ಟನ್ನೇ ಹೊಲಿದು ನೋಡಿದೆ. ಎಡಗಡೆಯ ಎಲೆಯ ನರ ಒಂದೇ ಗೆರೆಯಾಗಿ ನೀಟಾಗಿ ಬಂತು. ಬಲಗಡೆಯದ್ದು ತುಂಡು ತುಂಡು. ಎರಡರಲ್ಲೂ ಹೊಲಿಗೆ ಅಷ್ಟೇ, ಬಣ್ಣ ಅದೇ, ಕೈ ಅದೇ.

ಕಾರಣ ಸರಳ. ಪ್ರತಿ ಹೊಲಿಗೆಯೂ ಬಲಗಡೆ ಮೇಲಕ್ಕೆ ವಾಲಿರುತ್ತದೆ. ಅದೇ ದಿಕ್ಕಿನಲ್ಲಿ ಏರುವ ಗೆರೆಯಲ್ಲಿ ಒಂದರ ತುದಿಗೆ ಇನ್ನೊಂದರ ಬುಡ ಸೇರಿ ಉದ್ದದ ದಾರವಾಗುತ್ತದೆ. ಎದುರು ದಿಕ್ಕಿನಲ್ಲಿ ಇಳಿಯುವ ಗೆರೆಯಲ್ಲಿ ಪ್ರತಿ ಹೊಲಿಗೆಯೂ ಗೆರೆಗೆ ಅಡ್ಡ ಮಲಗುತ್ತದೆ. ಒಂದರ ಪಕ್ಕ ಒಂದು ಚುಕ್ಕಿ ಇಟ್ಟ ಹಾಗೆ ಅಷ್ಟೇ ಕಾಣುವುದು. ಕಾಗದದ ಚೌಕಕ್ಕೆ ಓರೆ ಇಲ್ಲ, ಅದಕ್ಕೆ ಅಲ್ಲಿ ಗೊತ್ತಾಗುವುದಿಲ್ಲ. ಬೇರೆಯವರು ಬರೆದ ಮಾದರಿಯನ್ನು ಹೊಲಿಯುವಾಗ ಇದು ನಮ್ಮ ತಲೆಗೆ ಬರುವುದೂ ಇಲ್ಲ. ಬರೆದವರು ಮೊದಲೇ ನೋಡಿಕೊಂಡಿರುತ್ತಾರೆ.

ಇದಕ್ಕೆ ಕೆಲವು ದಾರಿಗಳಿವೆ. ಇಳಿಯುವ ಗೆರೆಗೆ ಪಕ್ಕದಲ್ಲಿ ಇನ್ನೊಂದು ಸಾಲು ಸೇರಿಸಿ ದಪ್ಪ ಮಾಡಬಹುದು. ತುಂಡು ಕಾಣುವುದಿಲ್ಲ, ಆದರೆ ಒಂದು ನರ ಸಪುರ, ಇನ್ನೊಂದು ದಪ್ಪ ಆಗುತ್ತದೆ. ಬಲ ಅರ್ಧದಲ್ಲಿ ಹೊಲಿಗೆಯನ್ನೇ ಎದುರು ಓರೆಯಲ್ಲಿ ಹಾಕಬಹುದು. ಹಾಗೆ ಮಾಡಿದರೆ ನಡುಗೆರೆಯಲ್ಲಿ ಒಂದು ಬೈತಲೆ ಎದ್ದು ಕಾಣುತ್ತದೆ, ಬೆಳಕು ಬೀಳುವ ರೀತಿಯೂ ಎರಡು ಅರ್ಧಕ್ಕೆ ಬೇರೆಯಾಗುತ್ತದೆ. ಕೆಲವರಿಗೆ ಅದೇ ಇಷ್ಟ. ನನಗೆ ಆಗಲಿಲ್ಲ. ಕಾಗದವನ್ನು ಹಿಡಿದು ಆಚೆ ಈಚೆ ತಿರುಗಿಸುತ್ತಿದ್ದಾಗ ಮೂರನೆಯ ದಾರಿ ಹೊಳೆಯಿತು. ಓರೆ ಗೆರೆಯೊಂದನ್ನು ಬರೆದು ಕಾಗದವನ್ನು ತಲೆಕೆಳಗು ಮಾಡಿ ನೋಡಿ. ಓರೆ ಬದಲಾಗುವುದಿಲ್ಲ! ಕನ್ನಡಿಗೆ ಹಿಡಿದರೆ ಬದಲಾಗುತ್ತದೆ, ಅರ್ಧ ಸುತ್ತು ತಿರುಗಿಸಿದರೆ ಬದಲಾಗುವುದಿಲ್ಲ. ಹಾಗಾದರೆ ಎರಡು ಹಣ್ಣನ್ನು ಎದುರುಬದುರು ಇಡುವ ಬದಲು ಇಸ್ಪೀಟಿನ ರಾಣಿಯ ಹಾಗೆ ಒಂದು ಮೇಲ್ಮುಖ, ಒಂದು ಕೆಳಮುಖ ಇಟ್ಟರೆ ಎರಡಕ್ಕೂ ಒಂದೇ ಹೊಲಿಗೆ, ಒಂದೇ ಚಂದ. ಕುಶನನ್ನು ಹೇಗೆ ಇಟ್ಟರೂ ನೇರವೇ. ಎಲೆಗಳನ್ನೆಲ್ಲ ಬಲಕ್ಕೆ ಏರುವ ಹಾಗೆ ವಾಲಿಸಿ ಬರೆದೆ. ನರಗಳೆಲ್ಲ ಒಂದೇ ಎಳೆಯಾಗಿ ಕೂತವು.

“ಗೇರುಬೀಜ ಮೇಲೆ, ಹಣ್ಣು ಕೆಳಗೆ ಇರುವ ಮರ ಯಾವುದು?” ಎಂದರು ಅತ್ತೆ. ಇದಕ್ಕೆ ನನ್ನಲ್ಲಿ ಉತ್ತರ ಇಲ್ಲ.

ಅಂಚಿನ ಕಥೆಯೂ ಇದೇ ಲೆಕ್ಕದ್ದು. ಸುತ್ತಲೂ ಬಳ್ಳಿ ಬರೆಯಬೇಕೆಂದು ಆಸೆ ಇತ್ತು. ಆದರೆ ಅಂಚು ಮೂಲೆಯಲ್ಲಿ ಕಾಲು ಸುತ್ತು ತಿರುಗುತ್ತದೆ. ಕಾಲು ಸುತ್ತಿನಲ್ಲಿ ಓರೆ ಬದಲಾಗಿಯೇ ಬದಲಾಗುತ್ತದೆ. ಮೇಲಿನ ಬಳ್ಳಿ ಚಂದ ಬಂದರೆ ಪಕ್ಕದ ಬಳ್ಳಿ ಹರಕು. ಓರೆ ಗೆರೆಯೇ ಇಲ್ಲದ ಅಂಚು ಬೇಕಿತ್ತು. ನನ್ನಲ್ಲಿರುವ ಒಂದು ಹಳೆಯ ಕಾಸರಗೋಡು ಸೀರೆಯ ಚೌಕುಳಿಯನ್ನೇ ತೆಗೆದುಕೊಂಡೆ. ನೇರ ಗೆರೆ, ಸಣ್ಣ ಚೌಕ, ಅಷ್ಟೇ. ಒಂದು ಕುಚ್ಚು, ಅಂದರೆ ಮತ್ತೆ ಮತ್ತೆ ಬರುವ ಒಂದು ತುಂಡು, 12 ಚೌಕದ್ದು. 120ಕ್ಕೆ ಹತ್ತು ಸಲ ಸರಿಯಾಗಿ ಕೂರುತ್ತದೆ, ಮೂಲೆಗೆ ಒಂದೊಂದು ಕುಚ್ಚು ತಾನಾಗಿ ಸೇರುತ್ತದೆ. ಅಂಚನ್ನು ಮೊದಲೇ ಹೀಗೆ ಭಾಗಿಸಿ ನೋಡುವುದು ಒಳ್ಳೆಯದು. ಇಲ್ಲದಿದ್ದರೆ ನಾಲ್ಕನೆಯ ಬದಿಗೆ ಬಂದಾಗ ಅರ್ಧ ಕುಚ್ಚು ಉಳಿದಿರುತ್ತದೆ.

ಬಣ್ಣಕ್ಕೆ ಮೊಬೈಲ್ ಸಹಾಯ ಮಾಡಿತು. ಉಲ್ಲನ್ ಉಂಡೆಗಳನ್ನು ಸಾಲಾಗಿ ಇಟ್ಟು ಕಪ್ಪು ಬಿಳುಪಿನಲ್ಲಿ ಫೋಟೋ ತೆಗೆದೆ. ನಾನು ಆರಿಸಿದ್ದ ಕೆಂಪು ಮತ್ತು ಹಸಿರು ಎರಡೂ ಒಂದೇ ಬೂದು ಬಣ್ಣವಾಗಿ ಕಂಡವು. ಅಂದರೆ ದೂರದಿಂದ ನೋಡಿದರೆ ಹಣ್ಣು ಎಲೆಯೊಳಗೆ ಕರಗುತ್ತದೆ. ಹಸಿರನ್ನು ಗಾಢ ಮಾಡಿದೆ, ಕೆಂಪನ್ನು ಸ್ವಲ್ಪ ಕಿತ್ತಳೆಗೆ ತಿರುಗಿಸಿದೆ. ಬೀಜಕ್ಕೆ ಕಪ್ಪು ಹಾಕಿ ನೋಡಿದರೆ ಹಣ್ಣಿಗಿಂತ ಅದೇ ಮೊದಲು ಕಣ್ಣಿಗೆ ಹೊಡೆಯುತ್ತಿತ್ತು. ಹಸಿ ಬೀಜದ ಬಣ್ಣ ನಿಜಕ್ಕೂ ಹಸಿರು ಬೂದು. ಹಾಗಾಗಿ ಐದು ಬಣ್ಣದ ಹಟ ಬಿಟ್ಟು ಆರನೆಯದಾಗಿ ಬೂದು ತಂದೆ. ಕಪ್ಪು ಬೀಜದ ಹೊರಗೆರೆಗೆ ಮತ್ತು ಅಂಚಿಗೆ ಮಾತ್ರ.

ಉಲ್ಲನ್ ಎಷ್ಟು ಬೇಕೆಂದು ಊಹಿಸುವುದು ಬೇಡ. ಒಂದು ಇಂಚು ಚೌಕ ಹೊಲಿದು, ಎಷ್ಟು ನೂಲು ಹೋಯಿತೆಂದು ಅಳೆದರೆ ಸಾಕು. 10ರ ಕ್ಯಾನ್ವಾಸಿನಲ್ಲಿ ಅದು ಹೆಚ್ಚುಕಡಿಮೆ ಒಂದು ಮೀಟರ್. ಬಿಳಿ ಹಿನ್ನೆಲೆಗೇ ಅರ್ಧಕ್ಕಿಂತ ಜಾಸ್ತಿ ಹೋಗುತ್ತದೆ. ಅದನ್ನು ಒಟ್ಟಿಗೇ ತರಬೇಕು. ಆಮೇಲೆ ಹೋದರೆ ಅದೇ ಬಿಳಿ ಸಿಗುವುದಿಲ್ಲ. ಬಿಳಿಯಲ್ಲೂ ಎಷ್ಟು ಬಿಳಿ ಉಂಟು ಎಂದು ಎರಡನ್ನು ಅಕ್ಕಪಕ್ಕ ಹೊಲಿದಾಗಲೇ ಗೊತ್ತಾಗುವುದು.

ಹೊಲಿಗೆಯ ಬಗ್ಗೆ ಹೇಳಲು ಜಾಸ್ತಿ ಇಲ್ಲ. ನೂಲನ್ನು ಒಂದು ಮೊಳಕ್ಕಿಂತ ಉದ್ದ ತೆಗೆದುಕೊಳ್ಳಬಾರದು. ತೂತಿನಲ್ಲಿ ಹಾದು ಹಾದು ಉಲ್ಲನ್ ಸವೆಯುತ್ತದೆ. ಕ್ಯಾನ್ವಾಸಿನ ಸುತ್ತ ಎರಡು ಇಂಚು ಖಾಲಿ ಬಿಟ್ಟು, ಅಂಚಿಗೆ ಟೇಪ್ ಅಂಟಿಸಬೇಕು. ಚಿತ್ರ ಮೊದಲು, ಹಿನ್ನೆಲೆ ಆಮೇಲೆ. ಸಣ್ಣ ಜಾಗಕ್ಕೆ ಸಾಲು ಸಾಲಾಗಿ ಹೋಗುವ ಕಾಂಟಿನೆಂಟಲ್ ಎನ್ನುವ ಕ್ರಮ ಸಾಕು. ಹಿನ್ನೆಲೆಗೆ ಓರೆಯಾಗಿ ಏರಿ ಇಳಿಯುವ ಬಾಸ್ಕೆಟ್‌ವೀವ್ ಬೇಕು. ಹೊಲಿಗೆಗಳೆಲ್ಲ ಒಂದೇ ಕಡೆಗೆ ಎಳೆಯುವುದರಿಂದ ಕ್ಯಾನ್ವಾಸ್ ಸೊಟ್ಟಗಾಗುತ್ತದೆ. ಬಾಸ್ಕೆಟ್‌ವೀವಿನಲ್ಲಿ ಅದು ತುಂಬಾ ಕಮ್ಮಿ.

ಕಮ್ಮಿಯೇ ಹೊರತು ಇಲ್ಲ ಎಂದಲ್ಲ. ಮುಗಿದ ಮೇಲೆ ಒದ್ದೆ ಮಾಡಿ, ಹಲಗೆಯ ಮೇಲೆ ಚೌಕಕ್ಕೆ ಎಳೆದು ಪಿನ್ ಹೊಡೆದು ಒಣಗಿಸಬೇಕು. ಒಣಗುವಾಗ ಗಂಜಿ ಮತ್ತೆ ಗಟ್ಟಿಯಾಗಿ ಆಕಾರ ನಿಲ್ಲುತ್ತದೆ. ಪುಸ್ತಕಗಳಲ್ಲಿ ಇದಕ್ಕೆ ಒಂದೆರಡು ದಿನ ಸಾಕು ಎಂದು ಬರೆದಿರುತ್ತದೆ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯ ಜುಲೈ ತಿಂಗಳು ಆ ಪುಸ್ತಕ ಬರೆದವರಿಗೆ ಗೊತ್ತಿಲ್ಲ. ಹಪ್ಪಳವೇ ಒಣಗದ ಕಾಲ ಅದು. ಫ್ಯಾನಿನ ಕೆಳಗೆ ಇಟ್ಟು, ಕರೆಂಟ್ ಹೋದಾಗ ಅಡಿಗೆಮನೆಯ ಒಲೆಯ ಹತ್ತಿರ ಸಾಗಿಸಿ, ಅಂತೂ ಒಣಗಿತು. ಪಿನ್ ತುಕ್ಕು ಹಿಡಿಯದ ಸ್ಟೀಲಿನದ್ದೇ ಆಗಬೇಕು. ಬಿಳಿ ಉಲ್ಲನ್‌ಗೆ ತುಕ್ಕಿನ ಕಲೆ ಹತ್ತಿದರೆ ಹೋಗುವುದಿಲ್ಲ. ಹಿಂಬದಿಗೆ ದಪ್ಪ ಕಾಟನ್ ಬಟ್ಟೆ ಹೊಲಿದು, ನಮ್ಮದೇ ಮರದ ಬೂರುಗದ ಹತ್ತಿ ತುಂಬಿಸಿದೆ.

ಈಗ ಹಿಡಿದಿರುವುದು 14ರ ಕ್ಯಾನ್ವಾಸಿನಲ್ಲಿ ಕನ್ನಡಕದ ಚೀಲ. ತಂಗಿಯ ಮಗಳಿಗೆ. ಅದರಲ್ಲಿ ತನ್ನ ಹೆಸರು ಬೇಕು, ಅದೂ ಕನ್ನಡದಲ್ಲಿ ಬೇಕು ಎಂದು ಅವಳ ಬೇಡಿಕೆ. ಇಂಗ್ಲಿಷ್ ಅಕ್ಷರಕ್ಕೆ 5 ಚೌಕ ಅಗಲ, 7 ಚೌಕ ಎತ್ತರ ಇದ್ದರೆ ಸಾಕು. ಎಲ್ಲಿ ಹುಡುಕಿದರೂ ಸಿದ್ಧ ಮಾದರಿ ಸಿಗುತ್ತದೆ. ಕನ್ನಡಕ್ಕೆ ಹಾಗಿಲ್ಲ. ಗ, ರ, ಪ ಹೇಗೋ 9 ಚೌಕದ ಎತ್ತರದಲ್ಲಿ ಬಂದವು. ಣ, ಜ, ಖ ಬರಬೇಕಾದರೆ ಒಳಗಿನ ಸುರುಳಿ ತೆರೆದು ಕಾಣಬೇಕು, ಒಂದು ಸುರುಳಿಗೆ ಕಮ್ಮಿ ಎಂದರೂ ಒಳಗೆ ಒಂದು ಚೌಕ ಖಾಲಿ ಬೇಕು. ತಲೆಕಟ್ಟು ಬಲಕ್ಕೆ ಏರುವುದರಿಂದ ಹೊಲಿಗೆಯ ಓರೆಗೆ ಸರಿಯಾಗಿ ಹೊಂದುತ್ತದೆ, ಅದೊಂದು ಅದೃಷ್ಟ. ಒತ್ತಕ್ಷರ ಬಂದರೆ ಕೆಳಗೆ ಇನ್ನೂ ಆರೇಳು ಚೌಕ. ಮಂಗಳೂರಿಂದ ಬರುವ ಕೆಲವು ಬಸ್ಸುಗಳ ಎಲ್‌ಇಡಿ ಬೋರ್ಡನ್ನು ಈಗ ನಾನು ನಿಂತು ಓದುತ್ತೇನೆ. ಅದೂ ಚುಕ್ಕಿಗಳಲ್ಲೇ ಕನ್ನಡ ಬರೆಯುವುದಲ್ವಾ? ಆ ಡ್ಕ ಒತ್ತನ್ನು ಎಷ್ಟು ಚುಕ್ಕಿಯಲ್ಲಿ ಮುಗಿಸಿದ್ದಾರೆ ಎಂದು ಎಣಿಸುವುದರೊಳಗೆ ಬಸ್ಸು ಹೊರಟಿರುತ್ತದೆ.

ನಮ್ಮ ಹುಡುಗಿಯ ಹೆಸರಲ್ಲಿ ಎರಡು ಒತ್ತಕ್ಷರ. ಚೀಲದ ಅಗಲ ಮೂರೂವರೆ ಇಂಚು, ಅಂದರೆ 49 ಚೌಕ. ಅಂಚು ಬಿಟ್ಟರೆ ಇನ್ನೂ ಕಮ್ಮಿ. ಮನೆಯಲ್ಲಿ ಕರೆಯುವ ಹೆಸರು ‘ಪಾಪು’ ಹೊಲಿದುಕೊಡುತ್ತೇನೆ, ಒತ್ತೇ ಇಲ್ಲ, ಚಂದ ಕೂರುತ್ತದೆ ಎಂದೆ.

“ದೊಡ್ಡಮ್ಮಾ, ನಾನು ಇದನ್ನು ಕಾಲೇಜಿಗೆ ತೆಗೆದುಕೊಂಡು ಹೋಗುವುದು” ಎಂದಳು.

ಚೀಲವನ್ನು ಅಡ್ಡಕ್ಕೆ ತಿರುಗಿಸಿ, ಹೆಸರನ್ನು ಉದ್ದದ ಬದಿಯಲ್ಲಿ ಬರೆಯುತ್ತಿದ್ದೇನೆ. ಅಲ್ಲಿ 98 ಚೌಕ ಸಿಗುತ್ತದೆ.